ಮೇಡನ್ ಕಾಸಲ್: ಮಣ್ಣಿನ ಮಹಾಕೋಟೆ
ಡಾರ್ಸೆಟ್, ಇಂಗ್ಲೆಂಡ್

ಇದು ಕಲ್ಲಿನ ಕೋಟೆಯಲ್ಲ. ಕ್ರಿ.ಪೂ. 600ರ ಸುಮಾರಿಗೆ ಕಬ್ಬಿಣಯುಗದ ಜನರು ಸೀಮೆಸುಣ್ಣದ ಈ ಗುಡ್ಡವನ್ನೇ ಅಗೆದು ಕಟ್ಟತೊಡಗಿದ ಕೋಟೆ. ಮುಂದೆ ಅದನ್ನು ಪಶ್ಚಿಮಕ್ಕೆ ವಿಸ್ತರಿಸಿ, ಸಾಲುಸಾಲಾಗಿ ಕಂದಕ ತೋಡಿ, ಆ ಮಣ್ಣನ್ನೇ ಏರಿಗಳಾಗಿ ಪೇರಿಸಿದರು. ಒಳಗಿನ ಸುಮಾರು 47 ಎಕರೆಯಲ್ಲಿ ದುಂಡನೆಯ ಮನೆಗಳ ಊರೇ ಇತ್ತು.

ಪೂರ್ವ ಬಾಗಿಲು
ದಾರಿ ನೇರವಾಗಿಲ್ಲ, ಏರಿಗಳ ನಡುವೆ ಬಳಸಿ ಸಾಗುತ್ತದೆ. ನುಗ್ಗಿಬಂದವರು ಪ್ರತಿ ತಿರುವಿನಲ್ಲೂ ಕವಣೆಕಲ್ಲಿಗೆ ಗುರಿಯಾಗುತ್ತಿದ್ದರು. ಚೆಸಿಲ್ ಕಡಲತೀರದಿಂದ ಹೊತ್ತು ತಂದಿದ್ದ ನುಣುಪಾದ ಗುಂಡುಕಲ್ಲುಗಳು ಇಲ್ಲಿ ಸಾವಿರಾರು ಸಿಕ್ಕಿವೆ.

ರೋಮನ್ನರ ಕಾಲ
ರೋಮನ್ನರು ಬಂದ ಮೇಲೆ ಜನವಸತಿ ಕೆಳಗಿನ ಡೋರ್ಚೆಸ್ಟರಿಗೆ ಸರಿಯಿತು. 4ನೇ ಶತಮಾನದಲ್ಲಿ ಕಟ್ಟಿದ ರೋಮನ್ ದೇಗುಲದ ಅಡಿಪಾಯವನ್ನು ಕೋಟೆಯೊಳಗೆ ನೋಡಬಹುದು.

ಉತ್ಖನನ
1934ರಿಂದ 1937ರವರೆಗೆ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಪೂರ್ವ ಬಾಗಿಲ ಬಳಿಯ ಸ್ಮಶಾನದಲ್ಲಿ, ಬೆನ್ನುಮೂಳೆಗೆ ಕಬ್ಬಿಣದ ಮೊನೆ ನಾಟಿದ್ದ ಅಸ್ಥಿಪಂಜರವೊಂದು ದೊರೆಯಿತು. ಮುಂದೆ ಭಾರತಕ್ಕೆ ಬಂದ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲೂ ಅಗೆತ ನಡೆಸಿದರು.

ಸಂದರ್ಶಕರಲ್ಲಿ ವಿನಂತಿ
ಹುಲ್ಲು ಸವೆದರೆ ಏರಿಯ ಮಣ್ಣು ಕುಸಿಯುತ್ತದೆ. ದಯವಿಟ್ಟು ಕಾಲುದಾರಿಯಲ್ಲೇ ನಡೆಯಿರಿ.