ದೊಡ್ಡವು ಹೋದವು, ಚಿಕ್ಕವು ಉಳಿದವು

ಗಿಜಿಗುಡುವ ನಿಲ್ದಾಣಕ್ಕೆ ಪುಟ್ಟ ಖಾಸಗಿ ವಿಮಾನ ಬಂದರೆ ತಲೆನೋವು. ದೊಡ್ಡ ವಿಮಾನದ ಹಿಂದೆ ಗಾಳಿಯ ಸುಳಿ ಏಳುತ್ತದೆ. ಹಿಂದೆ ಬರುವ ಚಿಕ್ಕದು ಮಗುಚದಿರಲು ಮೈಲುಗಟ್ಟಲೆ ಅಂತರ ಬಿಡಬೇಕು, ಅಷ್ಟು ಹೊತ್ತು ರನ್‌ವೇ ಖಾಲಿ. ಹಾಗಾಗಿ ಎಷ್ಟೋ ನಗರಗಳು ಚಿಕ್ಕವನ್ನು ಊರಾಚೆಗೆ ಕಳಿಸುತ್ತವೆ.

ಬೆಂಗಳೂರಲ್ಲಿ ಆದದ್ದು ಉಲ್ಟಾ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಇಂದಿನ ಎಚ್‌ಎಎಲ್. ಅದರ ರನ್‌ವೇಯಲ್ಲೇ ಮುಂದೆ ಊರಿನ ಪ್ರಯಾಣಿಕರೂ ಇಳಿದರು, ಹತ್ತಿದರು. ಜಯನಗರದಿಂದ ಅಲ್ಲಿಗೆ ಆಟೊ ಸಾಕಿತ್ತು.

2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯಿತು. ಅದನ್ನು ಕಟ್ಟಿದವರ ಜೊತೆ ಸರ್ಕಾರ ಮಾಡಿಕೊಂಡಿದ್ದ ಒಪ್ಪಂದದಂತೆ, ಟಿಕೆಟ್ ಕೊಂಡು ಹತ್ತುವವರ ವಿಮಾನಗಳೆಲ್ಲ ಎಚ್‌ಎಎಲ್ ಬಿಟ್ಟವು. ಸೇನೆಯವು, ಗಣ್ಯರವು, ಸಿರಿವಂತರ ಸ್ವಂತ ವಿಮಾನಗಳು ಮಾತ್ರ ಅಲ್ಲಿಗೇ ಬರುತ್ತಿದ್ದವು.

ಎಲ್ಲ ಚಿಕ್ಕ ವಿಮಾನಗಳಿಗೂ ಆ ಭಾಗ್ಯವಿರಲಿಲ್ಲ ಅನ್ನಿ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಪಕ್ಕದಲ್ಲಿ ದೇವನಹಳ್ಳಿಗೆ ಹೋಗುವವರಿಗಾಗಿ ಮೇಲುರಸ್ತೆ ಎದ್ದಿತು. ಕಲಿಯುವ ಹುಡುಗರ ರನ್‌ವೇಗೇ ಪೆಟ್ಟು ಬಿತ್ತು.

ಬನಶಂಕರಿಯವರು ಇಂದಿಗೂ ವಾಯುವಜ್ರ ಬಸ್ಸಿಗೆ ಲಗೇಜು ಹತ್ತಿಸಿ, ಸುಮಾರು 40 ಕಿ.ಮೀ., ಇಡೀ ಊರು ದಾಟಿ ಹೋಗುತ್ತಾರೆ. ಸ್ವಂತ ಜೆಟ್ ಇದ್ದವರು ಇಳಿಯಬಹುದಾದ ಜಾಗದ ಮುಂದಿನ ರಸ್ತೆಗೆ ನಾವಿನ್ನೂ ಹಳೇ ಏರ್‌ಪೋರ್ಟ್ ರೋಡ್ ಅಂತಲೇ ಕರೆಯುತ್ತೇವೆ.