ತುಂಡಾದ ಕಾವಲುಗಳು: ಬಯಲುಸೀಮೆಯ ಕುರಿಗಾಹಿಗಳು ಮತ್ತು ವನ್ಯಜೀವಿಗಳು

ದಾವಣಗೆರೆ ಜಿಲ್ಲೆ ಒಂದೇ ಆದರೂ ಅದರೊಳಗೆ ಎರಡು ಸೀಮೆಗಳಿವೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ, ಹೊನ್ನಾಳಿ ಮುಂತಾದ ಕಡೆಯ ನೆಲ ಭದ್ರಾ ನಾಲೆಯ ನೀರುಂಡು ಭತ್ತ, ಅಡಿಕೆಗಳ ಬೀಡಾಗಿದೆ. ಜಗಳೂರು ಮಾತ್ರ ನೆರೆಯ ಚಳ್ಳಕೆರೆ, ಮೊಳಕಾಲ್ಮೂರುಗಳಂತೆ ಕುರುಚಲು ಗಿಡಗಳ ಒಣ ನಾಡಾಗಿಯೇ ಉಳಿದಿದೆ. ಈ ಎರಡು ಬಗೆಯ ನೆಲಗಳನ್ನು ಬೆಸೆಯುವವರು ಕುರಿಗಾಹಿಗಳು. ಬೇಸಿಗೆಯಲ್ಲಿ ಮೇವು ಬತ್ತಿದಾಗ ಹಿಂಡುಗಳು ಕೊಯ್ಲಾದ ಗದ್ದೆಗಳತ್ತ ಸಾಗುತ್ತವೆ. ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದ್ದಕ್ಕೆ ಗೊಬ್ಬರ ಪಡೆದ ರೈತನು ಕಾಳನ್ನೋ ಹಣವನ್ನೋ ಕೊಡುವುದು ರೂಢಿ. ಮಳೆ ಬಿದ್ದೊಡನೆ ಹಿಂಡು ತನ್ನೂರಿನ ಕಾವಲಿಗೆ ಮರಳಬೇಕು. ಆ ಕಾವಲೇ ಇಲ್ಲವಾದರೆ ಮರಳುವುದೆಲ್ಲಿಗೆ ಎಂಬುದು ಕಳೆದ ಕೆಲವು ದಶಕಗಳಿಂದ ಈ ಭಾಗವನ್ನು ಕಾಡುತ್ತಿರುವ ಪ್ರಶ್ನೆ.

ಕಾವಲು ಎಂದರೆ ಕಾಯ್ದಿಟ್ಟ ಹುಲ್ಲುನೆಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಅರಮನೆಯ ಹಸುಗಳ ಪಾಲನೆಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಫಿರಂಗಿ ಎಳೆಯುವ ಎತ್ತುಗಳ ಈ ತಳಿಗಾಗಿ ಮೀಸಲಾದ ಕಾವಲುಗಳು ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಸೀಮೆಗಳಲ್ಲೆಲ್ಲ ಹಬ್ಬಿದ್ದವು. 1799ರ ನಂತರ ಈ ಹಿಂಡುಗಳು ಬ್ರಿಟಿಷರ ಕೈಸೇರಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಆಡಳಿತವು ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿತ್ತು. ನೆರಳು ಮತ್ತು ಕೆರೆಯಂಗಳವಿದ್ದ ಕಾವಲು ಬೇಸಿಗೆಗೆ ಮೀಸಲು. ಬಯಲಿನ ಹುಲ್ಲು ಮಳೆಗಾಲಕ್ಕೆ. ಅಂದರೆ ಯಾವ ಕಾವಲೂ ತನ್ನಷ್ಟಕ್ಕೆ ಪೂರ್ಣವಾಗಿರಲಿಲ್ಲ. ದನಗಳು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದುದರಿಂದಲೇ ವ್ಯವಸ್ಥೆ ನಿಂತಿತ್ತು. ಬಯಲುಸೀಮೆಯ ಮಳೆ ಒಂದೂರಿಗೆ ಸುರಿದು ಪಕ್ಕದೂರನ್ನು ಬಿಟ್ಟುಹೋಗುವಂಥದು. ಹಿಂಡು ಮಳೆಯ ಬೆನ್ನುಹತ್ತಿ ನಡೆದರೆ ಮಾತ್ರ ಬದುಕು. ಮೂರರಲ್ಲಿ ಒಂದು ಕಾವಲು ಕೈತಪ್ಪಿದರೆ ಮೂರನೆಯ ಒಂದು ಪಾಲು ಮೇವಷ್ಟೇ ಹೋಗುವುದಿಲ್ಲ. ಆ ಋತುವೇ ಹೋಗುತ್ತದೆ. ಉಳಿದೆರಡರ ಮೇಲೆ ವರ್ಷವಿಡೀ ಕಾಲಿಟ್ಟು ಅಲ್ಲಿಯ ಹುಲ್ಲಿನ ಬೇರೂ ಸವೆಯುತ್ತದೆ. ಬರಿದಾದ ನೆಲಕ್ಕೆ ಬಳ್ಳಾರಿ ಜಾಲಿ ನುಗ್ಗುತ್ತದೆ.

ಒಂದು ಕಾಲಕ್ಕೆ ಸುಮಾರು 4 ಲಕ್ಷ ಎಕರೆಯಿದ್ದ ಅಮೃತ ಮಹಲ್ ಕಾವಲು ಇಂದು ಅದರ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಸ್ವಾತಂತ್ರ್ಯಾನಂತರ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ, ಭೂಹೀನರಿಗೆ ಹಂಚಿಕೆ, ನೆಡುತೋಪು, ಒತ್ತುವರಿ ಎಲ್ಲವೂ ಇದನ್ನು ಕರಗಿಸಿವೆ. ಭೂಹೀನನಿಗೆ ನೆಲ ಸಿಕ್ಕಿದ್ದು ತಪ್ಪೆನ್ನಲಾಗದು. ಆದರೆ ಹುಲ್ಲುನೆಲವನ್ನು ದಾಖಲೆಗಳಲ್ಲಿ ‘ಬಂಜರು’ ಎಂದು ಬರೆದದ್ದೇ ಮೊದಲ ಏಟು. ಊರ ಗೋಮಾಳದ ಕಥೆಯೂ ಇದೇ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರತಕ್ಕದ್ದು. ಬಗರ್‌ಹುಕುಂ ಸಕ್ರಮದ ಅರ್ಜಿಗಳು ನಮೂನೆ 50, 53, 57 ಎಂದು ಬೆಳೆಯುತ್ತ ಬಂದಂತೆ ಗೋಮಾಳಗಳು ಚೂರುಚೂರಾಗುತ್ತ ಬಂದವು.

ಇತ್ತೀಚಿನ ಅತಿದೊಡ್ಡ ವಿಭಜನೆ ಜಗಳೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆಯಿತು. 2008ರಿಂದೀಚೆಗೆ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ (ಡಿಆರ್‌ಡಿಒ), ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದವುಗಳಿಗೆ ನೀಡಲಾಯಿತು. ಡಿಆರ್‌ಡಿಒ ಪಾಲು ಒಂದೇ 4,000 ಎಕರೆಗೂ ಮಿಗಿಲು. ಆವರಣ ಗೋಡೆ ಏಳತೊಡಗಿದ ಮೇಲೆಯೇ ಹಲವು ಹಳ್ಳಿಗರಿಗೆ ವಿಷಯ ಮನದಟ್ಟಾದದ್ದು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಹಂಚಿಕೆಯನ್ನು ರದ್ದುಪಡಿಸದೆ ಷರತ್ತುಗಳನ್ನು ವಿಧಿಸಿತು. ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು.

ಈ ಕಾವಲುಗಳನ್ನು ನಂಬಿದವರು ಕುರುಬರು, ಗೊಲ್ಲರು ಮತ್ತು ಮ್ಯಾಸನಾಯಕರು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಒದಗಿಸುವುದು ಇಲ್ಲಿಯ ಕರಿ ಕುರಿ. ಮ್ಯಾಸನಾಯಕರ ದೇವರ ಎತ್ತುಗಳನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ; ಕಿಲಾರಿಗಳು ಕಾಯುವ ಈ ಹಿಂಡುಗಳಿಗೆ ಬಯಲ ಮೇವಲ್ಲದೆ ಬೇರೆ ಆಸರೆ ಕಡಿಮೆ. ಬರಗಾಲದಲ್ಲಿ ಗೋಶಾಲೆ ತೆರೆದು ಲಾರಿಯಲ್ಲಿ ಹುಲ್ಲು ತರಿಸುವ ಸರ್ಕಾರವೇ ಉಳಿದ ವರ್ಷಗಳಲ್ಲಿ ಹುಲ್ಲುನೆಲವನ್ನು ಹಂಚುತ್ತ ಬಂದಿರುವುದು ವಿಪರ್ಯಾಸ.

ವನ್ಯಜೀವಿಗಳ ಸ್ಥಿತಿ ಭಿನ್ನವಲ್ಲ. ಕೃಷ್ಣಮೃಗ, ತೋಳ, ಎರೆಭೂತ ಹಕ್ಕಿ ಇವೆಲ್ಲ ತೆರೆದ ಬಯಲಿನ ಜೀವಿಗಳು. ಹೊನ್ನಾಳಿಯ ಆಚೆಗಿರುವ ರಾಣೆಬೆನ್ನೂರು ವನ್ಯಧಾಮ (1974, 119 ಚ.ಕಿ.ಮೀ.) ಕೃಷ್ಣಮೃಗ, ಎರೆಭೂತಗಳಿಗೆ ಹೆಸರಾಗಿತ್ತು; ಅದರ ಬಹುಭಾಗ ನೀಲಗಿರಿ ತೋಪಾಗಿದ್ದರಿಂದ ಎರೆಭೂತ ಅಲ್ಲಿಂದ ಮರೆಯಾಯಿತು. ಮರ ನೆಟ್ಟರೆ ಕಾಡು ಉಳಿಯಿತೆಂಬ ನಂಬಿಕೆಗೆ ಬಯಲಿನ ಹಕ್ಕಿ ತೆತ್ತ ಬೆಲೆಯಿದು. ಎರೆಭೂತ ಈಗ ರಾಜ್ಯದಲ್ಲಿ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳ ಸುತ್ತ, ಬೆರಳೆಣಿಕೆಯಷ್ಟು. ಕೃಷ್ಣಮೃಗ ಹೊಲಕ್ಕೆ ಹೊಂದಿಕೊಂಡಿದೆಯಾದರೂ ಶೇಂಗಾ, ರಾಗಿ ಮೇಯುವ ಅದರ ಮೇಲೆ ರೈತನ ಮುನಿಸು ಸಹಜ. ಬೇಟೆ ಕಾಣದ ತೋಳ ಕುರಿರೊಪ್ಪಕ್ಕೆ ಬರುತ್ತದೆ. ಹೀಗೆ ಒಂದೇ ಗೋಡೆಯಿಂದ ನೆಲ ಕಳೆದುಕೊಂಡ ಕುರಿಗಾಹಿ ಮತ್ತು ತೋಳ ಪರಸ್ಪರ ವೈರಿಗಳಾಗುತ್ತಾರೆ.

ಇದೇ ಪ್ರಯೋಗ ಕೀನ್ಯಾ ದೇಶದಲ್ಲಿ ಇನ್ನೂ ಸ್ಪಷ್ಟವಾಗಿ ನಡೆದಿದೆ. ಅಲ್ಲಿ 1968ರ ಕಾಯಿದೆಯಡಿ ಮಸಾಯಿ ಜನರ ಹುಲ್ಲುನೆಲಗಳು ಗುಂಪಿನ ಒಡೆತನಕ್ಕೆ ಬಂದವು. ಮುಂದೆ ಅವು ಕುಟುಂಬವಾರು ಪಾಲಾದವು. ಪಾಲಾದ ನೆಲಕ್ಕೆ ಬೇಲಿ ಬಂತು, ಮಾರಾಟ ಬಂತು. ನೈರೋಬಿಯ ದಕ್ಷಿಣದ ಬಯಲಿನಲ್ಲಿ ಕಾಡುಪ್ರಾಣಿಗಳ ವಲಸೆದಾರಿ ತುಂಡಾಯಿತು. 1977ರಿಂದ 2016ರ ನಡುವೆ ಆ ದೇಶದ ಮೇವುನೆಲಗಳ ವನ್ಯಜೀವಿ ಸಂಖ್ಯೆ ಸರಾಸರಿ ಮೂರನೆಯ ಎರಡು ಭಾಗದಷ್ಟು ಕುಸಿಯಿತೆಂದು ವೈಮಾನಿಕ ಗಣತಿಗಳು ತೋರಿಸಿವೆ. ಅಲ್ಲಿ ನೆಲ ಕುಟುಂಬಗಳಿಗೆ ಹೋಯಿತು, ಇಲ್ಲಿ ಸಂಸ್ಥೆಗಳಿಗೂ ಹೋಯಿತು. ಹಿಂಡಿಗೆ ಎರಡೂ ಒಂದೇ.

ಉಳಿದ ತುಂಡುಗಳ ರಕ್ಷಣೆಗೆ ಎರಡು ಮಾರ್ಗಗಳು ಬಳಕೆಯಲ್ಲಿವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚ.ಕಿ.ಮೀ. ಪ್ರದೇಶ 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು. ವನ್ಯಧಾಮದೊಳಗೆ ಮೇಯಿಸುವುದಕ್ಕೆ ಕಟ್ಟುಪಾಡುಗಳು ಬಿಗಿಯಾಗಿರುವುದರಿಂದ ಕುರಿಗಾಹಿಗೆ ಅದು ಇನ್ನೊಂದು ಬೇಲಿಯಾಗಿಯೇ ಕಾಣುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಪ್ರದೇಶ (2007, 798 ಎಕರೆ) ಹಾಗೂ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು (2011) ‘ಸಂರಕ್ಷಣಾ ಮೀಸಲು’ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯಿದೆಗೆ ಬಂದ ಈ ವರ್ಗದಲ್ಲಿ ಘೋಷಣೆಗೆ ಮುನ್ನ ಸ್ಥಳೀಯರೊಡನೆ ಸಮಾಲೋಚನೆ ಅಗತ್ಯ. ಮೇಲ್ವಿಚಾರಣೆಯ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿಗೂ ಸ್ಥಾನವುಂಟು.