ಸುರುಳಿಯಲ್ಲಿ ಓದಿದ ದಾರಿ: ಸಿ.ಎಸ್. ಸಂತೋಷ್ ಅವರ ಡಕಾರ್ ವರ್ಷಗಳು (2015–2021)

ಮೈಸೂರು, ನಂಜನಗೂಡು ಕಳೆದು ಬರುವ ರಸ್ತೆ ಗುಂಡ್ಲುಪೇಟೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಮೇಲೆ ಊಟಿಗೆ ಹೋಗುತ್ತದೆ. ಇನ್ನೊಂದು ಮದ್ದೂರು, ಮೂಲೆಹೊಳೆ ಚೆಕ್‌ಪೋಸ್ಟ್ ಹಾದು ಸುಲ್ತಾನ್ ಬತ್ತೇರಿಗೆ. ಭಾನುವಾರ ಬೆಳಿಗ್ಗೆ ಈ ಕವಲಿನಲ್ಲಿ ನಿಂತರೆ ಬೆಂಗಳೂರು, ಮೈಸೂರಿನ ಬೈಕುಗಳು ಸಾಲುಸಾಲಾಗಿ ಬರುತ್ತವೆ. ಮೊಣಕಾಲಿಗೆ ಗಾರ್ಡು, ಹೆಲ್ಮೆಟ್ಟಿನ ಮೇಲೊಂದು ಪುಟ್ಟ ಕ್ಯಾಮೆರಾ. ಟೀ ಅಂಗಡಿಯ ಮುಂದೆ ಇಳಿದವರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು, ಎಷ್ಟು ಹೊತ್ತಿನಲ್ಲಿ ಬಂದೆ ಎಂಬುದು. ಚಾಮರಾಜನಗರ ಜಿಲ್ಲೆಯಲ್ಲಿ ಬೈಕ್ ಓಟದ ಮಾತು ಬಂದಾಗಲೆಲ್ಲ ಎದ್ದು ಬರುವುದು ಈ ಒಂದೇ ಪ್ರಶ್ನೆ. ಕರ್ನಾಟಕದಿಂದ ಹೊರಟು ಜಗತ್ತಿನ ಅತಿ ಕಠಿಣ ರ‍್ಯಾಲಿಯನ್ನು ಮುಗಿಸಿದ ಸವಾರನ ಬದುಕನ್ನು ನೋಡಿದರೆ ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಆ ಬೇರೆ ಪ್ರಶ್ನೆಯನ್ನು ಹಿಡಿದು ಸಿ.ಎಸ್. ಸಂತೋಷ್ ಅವರ ಡಕಾರ್ ದಾಖಲೆಯನ್ನು ಓದುವುದು ಈ ಲೇಖನದ ಉದ್ದೇಶ.

ಚುಂಚುನಗುಪ್ಪೆ ಶಿವಶಂಕರ್ ಸಂತೋಷ್ ಹುಟ್ಟಿದ್ದು 1983ರಲ್ಲಿ, ಬೆಂಗಳೂರಿನಲ್ಲಿ. ಮೊದಲು ಊರು, ಆಮೇಲೆ ತಂದೆ, ಕೊನೆಗೆ ತನ್ನ ಹೆಸರು: ಹಳೇ ಮೈಸೂರು ಸೀಮೆಯ ಈ ಹೆಸರಿಡುವ ಕ್ರಮ ಅರೇಬಿಯಾದ ಮರಳುಗಾಡಿನ ಫಲಿತಾಂಶ ಪಟ್ಟಿಯವರೆಗೂ ಹೋಯಿತು. ಅವರು ಪಳಗಿದ್ದು ಮೋಟೋಕ್ರಾಸ್‌ನಲ್ಲಿ, ಅಂದರೆ ಮಣ್ಣಿನ ದಿಬ್ಬಗಳ ಮೇಲಿನ ಓಟದಲ್ಲಿ. ಇದನ್ನು ಆಕಸ್ಮಿಕ ಎಂದು ನಾನು ಭಾವಿಸುವುದಿಲ್ಲ. ದಕ್ಷಿಣ ಭಾರತದಲ್ಲಿ ಡಾಂಬರು ಟ್ರ್ಯಾಕಿನ ಚರಿತ್ರೆ ಬಹುಮಟ್ಟಿಗೆ ತಮಿಳುನಾಡಿನದು. ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ವಿಮಾನಪಟ್ಟಿ, 1990ರಲ್ಲಿ ಬಂದ ಇರುಂಗಾಟುಕೋಟೈ, 2003ರ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಮೂರೂ ಗಡಿಯಾಚೆಯವು. ಚಾಮರಾಜನಗರದಿಂದ ಪುಣಜನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ಸೇರಿದರೆ ಕೊಯಮತ್ತೂರು ದೂರವೇನಲ್ಲ. ಆದರೆ ದೂರ ಇದ್ದದ್ದು ಹಣದ ಲೆಕ್ಕದಲ್ಲಿ. ಕಾರ್ ಓಟದಲ್ಲಿ ಮೇಲೇರಬೇಕಾದರೆ ಕಡೆಗೆ ಯುರೋಪಿಗೇ ಹೋಗಬೇಕು. ಬೆಂಗಳೂರಿನ ಅರ್ಜುನ್ ಮೈನಿ ಹೋದದ್ದು ಹಾಗೆ. 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಸರಣಿಯಲ್ಲಿ ಅವರು ಎರಡನೆಯವರಾದರು. ಮೊದಲನೆಯವರು ಮುಂದೆ ಫಾರ್ಮುಲಾ ಒನ್‌ಗೆ ಹೋದ ಜಾರ್ಜ್ ರಸೆಲ್. ಮಣ್ಣಿನ ಓಟಕ್ಕೆ ಅಷ್ಟು ಬೇಡ. ಉಳದೆ ಬಿಟ್ಟ ಒಂದು ಹೊಲ, ಒಂದಷ್ಟು ದಿಬ್ಬ ಇದ್ದರೆ ಕಲಿಕೆ ಶುರುವಾಗುತ್ತದೆ. ಸಂತೋಷ್ ಅವರೇ ಆಮೇಲೆ ಕೋಲಾರ ಜಿಲ್ಲೆಯಲ್ಲಿ ಬಿಗ್ ರಾಕ್ ಡರ್ಟ್‌ಪಾರ್ಕ್ ಎಂಬ ತರಬೇತಿ ನೆಲೆ ಕಟ್ಟಿದ್ದರ ಹಿಂದೆಯೂ ಇದೇ ತಿಳಿವಳಿಕೆ ಕಾಣುತ್ತದೆ.

2013ರಲ್ಲಿ ಅವರು ಅಬುಧಾಬಿ ಡೆಸರ್ಟ್ ಚಾಲೆಂಜ್‌ಗೆ ಹೋದರು. ಅಲ್ಲಿ ಬೈಕಿಗೆ ಬೆಂಕಿ ಹತ್ತಿತು, ಅವರಿಗೂ ಸುಟ್ಟ ಗಾಯಗಳಾದವು. ಅಂತಾರಾಷ್ಟ್ರೀಯ ರ‍್ಯಾಲಿಯ ಬಾಗಿಲು ಅವರಿಗೆ ತೆರೆದದ್ದು ಹೀಗೆ. ಎರಡು ವರ್ಷ ಕಳೆಯುವುದರೊಳಗೆ ಅವರು ಡಕಾರ್‌ನ ಆರಂಭದ ಗೆರೆಯ ಮೇಲೆ ನಿಂತಿದ್ದರು.

ಡಕಾರ್ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮಲ್ಲಿ ಎತ್ತಿನ ಗಾಡಿಯಿಂದ ಕುದುರೆಯವರೆಗೆ ಎಲ್ಲ ಓಟಕ್ಕೂ ರೇಸ್ ಎಂಬ ಒಂದೇ ಪದ ಬಳಸಿ, ವ್ಯತ್ಯಾಸವನ್ನು ಮರೆತುಬಿಟ್ಟಿದ್ದೇವೆ. ಫ್ರಾನ್ಸಿನ ಥಿಯರಿ ಸಬೀನ್ ಎಂಬಾತ 1977ರಲ್ಲಿ ಒಂದು ಓಟದ ನಡುವೆ ಆಫ್ರಿಕಾದ ಮರುಭೂಮಿಯಲ್ಲಿ ದಾರಿ ತಪ್ಪಿ, ಬದುಕಿ ಬಂದ. ಮರುವರ್ಷದ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಡಕಾರ್‌ಗೆ ಮೊದಲ ರ‍್ಯಾಲಿ ಹೊರಡಿಸಿದ. ಭಯೋತ್ಪಾದನೆಯ ಬೆದರಿಕೆಯಿಂದ 2008ರ ಓಟ ರದ್ದಾಯಿತು. 2009ರಿಂದ ದಕ್ಷಿಣ ಅಮೆರಿಕ, 2020ರಿಂದ ಸೌದಿ ಅರೇಬಿಯಾ ಅದರ ನೆಲೆ. ಹುಟ್ಟಿದ್ದೇ ದಾರಿ ತಪ್ಪಿದವನ ಅನುಭವದಿಂದಾದ್ದರಿಂದ, ದಾರಿ ಹುಡುಕುವುದೇ ಈ ಓಟದ ಜೀವಾಳ. ಬೈಕ್ ಸವಾರನಿಗೆ ಪಕ್ಕದಲ್ಲಿ ಕುಳಿತು ದಾರಿ ಹೇಳುವವರು ಯಾರೂ ಇಲ್ಲ. ಸಂತೋಷ್ ಓಡಿದ ವರ್ಷಗಳಲ್ಲಿ ಹ್ಯಾಂಡಲ್ ಮೇಲಿನ ಡಬ್ಬಿಯೊಳಗೆ ಒಂದು ಕಾಗದದ ಸುರುಳಿ ಇರುತ್ತಿತ್ತು, ಅದೇ ರೋಡ್‌ಬುಕ್. ಎಡ ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಸುರುಳಿ ಒಂದೊಂದೇ ಸಾಲು ಮುಂದಕ್ಕೆ ಸರಿಯುತ್ತಿತ್ತು. ಪ್ರತಿ ಸಾಲಿನಲ್ಲೂ ದೂರದ ಅಂಕಿ, ಒಂದು ಬಾಣದ ಚಿತ್ರ, ಹಿಡಿಯಬೇಕಾದ ದಿಕ್ಕಿನ ಡಿಗ್ರಿ. ಅಪಾಯವಿದ್ದರೆ ಆಶ್ಚರ್ಯಸೂಚಕ ಚಿಹ್ನೆ. ಒಂದಿದ್ದರೆ ಎಚ್ಚರ, ಮೂರಿದ್ದರೆ ಪ್ರಾಣಕ್ಕೇ ಸಂಚಕಾರ. ಮೊದಲೆಲ್ಲ ಈ ಸುರುಳಿ ಹಿಂದಿನ ಸಂಜೆಯೇ ಕೈಗೆ ಬರುತ್ತಿತ್ತು. ಇಡೀ ದಿನ ಬೈಕ್ ಓಡಿಸಿ ಬಂದ ಸವಾರ ಡೇರೆಯಲ್ಲಿ ಕುಳಿತು, ಬಣ್ಣದ ಪೆನ್ನುಗಳಿಂದ ನಾಳಿನ ತಿರುವು, ಹಳ್ಳ, ಕಲ್ಲುಗಳಿಗೆ ಗುರುತು ಹಾಕುತ್ತಿದ್ದ. 2021ರ ಹೊತ್ತಿಗೆ ಬಣ್ಣ ಹಚ್ಚಿದ ಸುರುಳಿಯನ್ನೇ ಬೆಳಿಗ್ಗೆ, ಹೊರಡುವ ತುಸು ಮುಂಚೆ ಕೊಡುವ ನಿಯಮ ಬಂತು.

ಎರಡನೆಯ ಸಂಗತಿ ಗುಂಡ್ಲುಪೇಟೆಯ ಕವಲಿಗೆ ನೇರವಾಗಿ ಸಂಬಂಧಿಸಿದ್ದು. ಡಕಾರ್‌ನ ಒಂದು ದಿನದಲ್ಲಿ ಎರಡು ಬಗೆಯ ದಾರಿ ಇರುತ್ತದೆ. ಗಡಿಯಾರ ಓಡುವುದು ಸ್ಪೆಷಲ್ ಎಂಬ ಭಾಗದಲ್ಲಿ ಮಾತ್ರ. ಅದಕ್ಕೆ ಮುಂಚೆ, ಅದಾದ ಮೇಲೆ ನೂರಾರು ಕಿಲೋಮೀಟರ್ ಲಿಯೇಸಾನ್ ಎಂಬ ಸಾರ್ವಜನಿಕ ರಸ್ತೆ. ಅಲ್ಲಿ ಜಗತ್ತಿನ ಚಾಂಪಿಯನ್ ಕೂಡ ಲಾರಿಗಳ ಹಿಂದೆ, ವೇಗಮಿತಿಯೊಳಗೆ ಹೋಗಬೇಕು, ಮೀರಿದರೆ ದಂಡ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಂತಿರುವ, ಹಗಲಲ್ಲಿ ಆನೆ, ಜಿಂಕೆ ದಾಟುವ ಬಂಡೀಪುರದ ರಸ್ತೆ ಡಕಾರ್‌ನ ಲೆಕ್ಕದಲ್ಲಿ ಶುದ್ಧ ಲಿಯೇಸಾನ್. ಸಂತೋಷ್ ಅವರ ಹೆಸರು ಹೇಳಿಕೊಂಡು ಈ ರಸ್ತೆಯಲ್ಲಿ ಆಕ್ಸಿಲರೇಟರ್ ತಿರುವುವವರು ಅವರ ಕಸುಬನ್ನೇ ತಪ್ಪಾಗಿ ಓದುತ್ತಿದ್ದಾರೆ. ನನಗೆ ನಿಜವಾಗಿ ನೋವು ಕೊಡುವ ಸಂಗತಿ ಇದು.

2015ರ ಡಕಾರ್ ಅರ್ಜೆಂಟೀನಾ, ಬೊಲಿವಿಯಾ, ಚಿಲಿಗಳಲ್ಲಿ ನಡೆಯಿತು. ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನ ಮೇಲೆ ಮಳೆ ನಿಂತು, ಉಪ್ಪುನೀರು ಎಂಜಿನ್ನಿನ ವೈರುಗಳಿಗೆ ಹೊಕ್ಕು ಬೈಕುಗಳು ಕೆಟ್ಟು ನಿಂತವು. ಮುನ್ನಡೆಯಲ್ಲಿದ್ದ ಸ್ಪೇನಿನ ಜೋನ್ ಬರೇದಾ ಅವರ ಗೆಲುವಿನ ಆಸೆಯೂ ಅಲ್ಲೇ ಮುಗಿಯಿತು. ಹೊರಟ ಬೈಕುಗಳಲ್ಲಿ ಕೊನೆ ಮುಟ್ಟಿದ್ದು ಹೆಚ್ಚುಕಡಿಮೆ ಅರ್ಧ. ಸಂತೋಷ್ 36ನೆಯವರಾಗಿ ಮುಗಿಸಿದರು. ಡಕಾರ್ ಮುಗಿಸಿದ ಮೊದಲ ಭಾರತೀಯರಾದರು. 36 ಎಂಬ ಅಂಕಿಯನ್ನು ಸಣ್ಣದೆಂದು ಬಗೆಯುವವರು ಅದೇ ಪಟ್ಟಿಯಲ್ಲಿ ಬ್ರಿಟನ್ನಿನ ಸ್ಯಾಮ್ ಸಂಡರ್‌ಲ್ಯಾಂಡ್ ಅವರ ಹೆಸರನ್ನು ಹುಡುಕಬೇಕು. ಆ ವರ್ಷ ಮೊದಲ ದಿನದ ಸ್ಟೇಜ್ ಗೆದ್ದವರು ಅವರೇ. ಆದರೆ ಓಟ ಮುಗಿಸಿದವರಲ್ಲಿ ಅವರಿಲ್ಲ. 2017ರವರೆಗೂ ಅವರು ಒಮ್ಮೆಯೂ ಡಕಾರ್ ಮುಗಿಸಿರಲಿಲ್ಲ. ಮೊದಲ ಬಾರಿ ಮುಗಿಸಿದ ಆ ವರ್ಷವೇ ಗೆದ್ದು, ಡಕಾರ್ ಗೆದ್ದ ಮೊದಲ ಬ್ರಿಟಿಷ್ ಸವಾರರೆನಿಸಿದರು. 2022ರಲ್ಲಿ ಮತ್ತೆ ಗೆದ್ದರು, ಈಗ ನಿವೃತ್ತರು. ಎಷ್ಟು ಬೇಗ ಹೋದೆ ಎಂಬುದಕ್ಕಿಂತ ಮುಂಚೆ, ತಲುಪಿದೆಯಾ ಎಂದು ಕೇಳಬೇಕಾದ ಓಟ ಇದು.

ಆ ಅಳತೆಯಲ್ಲಿ ಸಂತೋಷ್ ಅವರ ಏಳು ವರ್ಷಗಳು ಹೀಗಿವೆ. 2016ರಲ್ಲಿ ಮುಗಿಸಲಾಗಲಿಲ್ಲ. 2017ರಲ್ಲಿ ಹೊಸದಾಗಿ ಕಟ್ಟಿದ ಹೀರೋ ತಂಡದಿಂದ 47ನೇ ಸ್ಥಾನ, 2018ರಲ್ಲಿ 34ನೇ ಸ್ಥಾನ. ಇದೇ ಅವರ ಅತ್ಯುತ್ತಮ ಫಲಿತಾಂಶ. 2019ರಲ್ಲಿ ಮತ್ತೆ ನಡುದಾರಿಯಲ್ಲೇ ನಿಂತಿತು.

2020ರ ಜನವರಿ 12ರಂದು, ರಿಯಾದ್‌ನಿಂದ ವಾದಿ ಅಲ್ ದವಾಸಿರ್‌ಗೆ ಹೋಗುವ ಏಳನೇ ಸ್ಟೇಜ್‌ನಲ್ಲಿ, ಅದೇ ಹೀರೋ ತಂಡದ ಪೋರ್ಚುಗೀಸ್ ಸವಾರ ಪೌಲೊ ಗೊನ್ಸಾಲ್ವೆಸ್ ಬಿದ್ದು ತೀರಿಕೊಂಡರು. ಅವರಿಗೆ 40 ವರ್ಷ. ಸಂತೋಷ್ 36ನೆಯವರಾದ 2015ರ ಓಟದಲ್ಲಿ ಎರಡನೆಯವರಾಗಿದ್ದವರು ಅವರು. ತಂಡದ ಇನ್ನೊಬ್ಬ ಸವಾರ ಜೋಕಿಮ್ ರೊಡ್ರಿಗಸ್ ಅವರಿಗೆ ಗೊನ್ಸಾಲ್ವೆಸ್ ಭಾವಮೈದುನ ಸಂಬಂಧ. ತಂಡ ಓಟದಿಂದ ಹಿಂದೆ ಸರಿಯಿತು. ಒಂದು ವರ್ಷದ ನಂತರ, 2021ರ ಜನವರಿ 6ರಂದು, ಅದೇ ಎರಡು ಊರುಗಳ ನಡುವೆ ಎದುರು ದಿಕ್ಕಿನಲ್ಲಿ, ವಾದಿ ಅಲ್ ದವಾಸಿರ್‌ನಿಂದ ರಿಯಾದ್‌ಗೆ ಬರುವ ನಾಲ್ಕನೇ ಸ್ಟೇಜ್‌ನಲ್ಲಿ ಸಂತೋಷ್ ಬಿದ್ದರು. ಸವಾರರಿಗೆ ಏರ್‌ಬ್ಯಾಗ್ ಜಾಕೆಟ್ ಕಡ್ಡಾಯವಾದದ್ದು ಆ ವರ್ಷವೇ. ತಲೆಗೆ ಪೆಟ್ಟಾಗಿತ್ತು. ರಿಯಾದ್‌ನ ಆಸ್ಪತ್ರೆಯಲ್ಲಿ ವೈದ್ಯರು ಔಷಧ ಕೊಟ್ಟು ಪ್ರಜ್ಞಾಹೀನ ಸ್ಥಿತಿಯಲ್ಲಿ ಇರಿಸಿದರು. ಚೇತರಿಸಿಕೊಂಡು ಊರಿಗೆ ಮರಳಿದ ಅವರ ಡಕಾರ್ ಅಧ್ಯಾಯ ಅಲ್ಲಿಗೇ ನಿಂತಿತು.

ದಾರಿ ಮಾತ್ರ ಮುಚ್ಚಲಿಲ್ಲ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಡಕಾರ್ ಮುಗಿಸಿದರು. ಕನ್ನಡದ ಮನೆಮನೆಗೆ ಅವರು ಪರಿಚಯವಾದದ್ದು ಎರಡು ವರ್ಷದ ನಂತರ, ಬಿಗ್ ಬಾಸ್ ಮೂಲಕ. ಮರುಭೂಮಿಯ ಆ ದಿನಗಳಿಗಿಂತ ಟಿವಿಯ ಮನೆಯೇ ನಮಗೆ ಹತ್ತಿರವಾಯಿತು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಕೇರಳದ ಹರಿತ್ ನೋವಾ 2024ರ ಡಕಾರ್‌ನಲ್ಲಿ ರ‍್ಯಾಲಿ 2 ವರ್ಗ ಗೆದ್ದರು. ಅದೇ ವರ್ಷ ಹೀರೋ ತಂಡದ ರಾಸ್ ಬ್ರಾಂಚ್ ಒಟ್ಟಾರೆ ಎರಡನೆಯವರಾದರು.

ಕಾಗದದ ರೋಡ್‌ಬುಕ್ಕಿನ ಜಾಗಕ್ಕೆ ಈಗ ಪರದೆ ಬರುತ್ತಿದೆ. ನಮ್ಮ ವಿಶ್ವವಿದ್ಯಾಲಯಗಳು ತಾಳೆಗರಿಗೆ, ಕಡತಕ್ಕೆ ಕೊಡುವ ಎಚ್ಚರದಲ್ಲಿ ಒಂದು ಪಾಲನ್ನು ಈ ಸವಾರರ ಸುರುಳಿಗಳಿಗೂ ಕೊಡಬೇಕು. ಮರಳಿನ ಧೂಳು ಹಿಡಿದ ಆ ಕಾಗದದ ಮೇಲೆ, ಬಳಲಿದ ಕೈಯೊಂದು ರಾತ್ರಿ ದೀಪದಲ್ಲಿ ಎಲ್ಲೆಲ್ಲಿ ಕೆಂಪು ಗೆರೆ ಎಳೆದಿತ್ತು, ಎಲ್ಲಿ ಎರಡು ಸಲ ಎಳೆದಿತ್ತು ಎಂಬುದು ಫಲಿತಾಂಶದ ಪಟ್ಟಿಯಲ್ಲಿ ಸಿಗುವುದಿಲ್ಲ.